ಸುಬ್ರಮಣಿಯ ರೂಮಿನಲ್ಲಿ ಮ್ಯಾಗಿ

ಸಿಂಗಾಪುರದ ಸುಬ್ರಮಣಿ ಪರೀಕ್ಷೆ ಬರೆಯುವಾಗ ಅವನೊಬ್ಬನನ್ನೇ ನೋಡುತ್ತ ಕೂರುವುದಕ್ಕೆ ಒಬ್ಬ ಆಫೀಸರನ್ನು ನೇಮಿಸಿದ್ದಾರೆ ಎಂಬ ಸುದ್ದಿ ಬೀದಿಗೆಲ್ಲ ಹರಡಿತು. ಹರಡಿದವರು ಯಾರೆಂದು ಹುಡುಕಬೇಕಾಗಿರಲಿಲ್ಲ, ಸ್ವತಃ ಸುಬ್ರಮಣಿಯೇ ಹೇಳಿಕೊಂಡು ತಿರುಗಿದ್ದ. ಸಿಂಗಾಪುರವೆಂದರೆ ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ. ಇದು ವಿದ್ಯಾರಣ್ಯಪುರದ ಪಕ್ಕದ್ದು, ಬಿಎಂಟಿಸಿ ಬಸ್ಸೇ ಸಾಕು.

ಯಶವಂತಪುರದ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಸುಬ್ರಮಣಿ ಬಿಲ್ ಬರೆಯುವ ಗುಮಾಸ್ತ. ಅಲ್ಲಿನ ಹೆಡ್ ಕ್ಲಾರ್ಕ್ ನಿವೃತ್ತರಾಗಿ, ಫ್ಯಾನಿನ ನೇರ ಕೆಳಗಿದ್ದ ಅವರ ಕುರ್ಚಿ ಖಾಲಿಯಾಗಿತ್ತು. ಸೀನಿಯಾರಿಟಿ ಪ್ರಕಾರ ಅದು ಸುಬ್ರಮಣಿಗೇ ಸಿಗಬೇಕು. ಅಷ್ಟರಲ್ಲಿ ಮೇಲಿನವರು ಒಂದು ಹೊಸ ನಿಯಮ ತಂದರು. ಕುರ್ಚಿ ಬೇಕಾದವರು ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದು ಪಾಸಾಗಬೇಕು. ಪಾಸಾಗದವರು ಮಾಕಳಿಯ ಗೋಡೌನಿಗೆ ಹೋಗಬೇಕು. ತುಮಕೂರು ರಸ್ತೆಯ ಆ ಗೋಡೌನಿನಲ್ಲಿ ಮೂಟೆ, ಧೂಳು ಮತ್ತು ಹೆಗ್ಗಣ ಬಿಟ್ಟರೆ ಮಾತಾಡಿಸುವವರು ಯಾರೂ ಇರಲಿಲ್ಲ. ಮಾಕಳಿಗೆ ಹೋದ ಗುಮಾಸ್ತ ಯಶವಂತಪುರಕ್ಕೆ ವಾಪಸು ಬಂದ ಉದಾಹರಣೆ ಆ ಕಂಪನಿಯಲ್ಲಿ ಇರಲಿಲ್ಲ.

ಪರೀಕ್ಷೆ ಮನೆಯಲ್ಲೇ ಕೂತು ಬರೆಯುವಂಥದ್ದು. ನಡೆಸುವುದು ಬೇರೊಂದು ಕಂಪನಿ. ಆ ಕಂಪನಿಯ ಒಬ್ಬರು ಎಲ್ಲೋ ಕೂತು ಕ್ಯಾಮೆರಾದಲ್ಲಿ ಕಾವಲು ಕಾಯುತ್ತಾರೆ. ಇದರಲ್ಲಿ ಜಂಬ ಪಡುವಂಥದ್ದೇನೂ ಇಲ್ಲ ಎಂದು ನಿಮಗನ್ನಿಸಬಹುದು. ಸುಬ್ರಮಣಿಗೆ ಹಾಗನ್ನಿಸಲಿಲ್ಲ.

"ಎಸ್ಸೆಸ್ಸೆಲ್ಸಿನಲ್ಲಿ ಒಂದ್ ರೂಮಿಗೆ ಒಬ್ಬ ಸೂಪರ್‌ವೈಸರ್ರು. ಈಗ ನನ್ ಒಬ್ಬನಿಗೇ ಒಬ್ಬ ಆಫೀಸರ್ರು! ಕಣ್ಣು ಮಿಟುಕಿಸೋ ಹಾಗಿಲ್ಲ ಅವ್ರು," ಎಂದು ಅವನು ಎದುರು ಮನೆಯ ಪಂಚಪ್ಪನವರಿಗೆ ಹೇಳಿದ.

ಪಂಚಪ್ಪನವರು ವಾಟರ್ ಬೋರ್ಡಿನಲ್ಲಿ ವಾಲ್ವ್ ತಿರುಗಿಸಿ ರಿಟೈರಾದವರು. ನೌಕರಿಯಲ್ಲಿದ್ದಾಗ ಏರಿಯಾಕ್ಕೆಲ್ಲ ನೀರು ಬಿಡುತ್ತಿದ್ದರು, ಈಗ ಸುದ್ದಿ ಬಿಡುತ್ತಾರೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ನೀವು ಕಳ್ಳರು ಅಂತ ಅವ್ರಿಗೆ ಮೊದ್ಲೇ ಹೆಂಗ್ ಗೊತ್ತಾಯ್ತು ಸುಬ್ರಮಣಿ?"

ಸುಬ್ರಮಣಿ ಅಲ್ಲಿಂದ ನೇರ ಮನೆಯೊಳಗೆ ಹೋದ. ಒಳಗೆ ಹೆಂಡತಿ ಕಲಾವತಿ ಇದ್ದಳು. ಅವಳಿಗೆ ನಿಯಮಗಳನ್ನು ಓದಿ ಹೇಳಿದ. ಪರೀಕ್ಷೆಯ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಯಾರೂ ಇರಕೂಡದು. ಶುರುವಾಗುವ ಮೊದಲು ಲ್ಯಾಪ್‌ಟಾಪನ್ನು ಸುತ್ತ ತಿರುಗಿಸಿ ರೂಮನ್ನೆಲ್ಲ ತೋರಿಸಬೇಕು. ಮಂಚದ ಕೆಳಗೂ ತೋರಿಸಬೇಕು.

"ಮಂಚದ್ ಕೆಳಗಾ?" ಕಲಾವತಿ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. "ನಮ್ಮಪ್ಪ ಈ ಮನೇಗೆ ಹದಿನಾರು ವರ್ಷದಿಂದ ಬರ್ತಿದಾರೆ. ಒಂದಿನಾನಾದ್ರೂ ಈ ರೂಮಿನ ಹೊಸ್ತಿಲು ದಾಟಿದಾರಾ? ಯಾವೋನೋ ಹೆಸ್ರು ಊರು ಗೊತ್ತಿಲ್ದೋನು ನಮ್ ಮಂಚದ್ ಕೆಳಗೆ ಬಗ್ಗಿ ನೋಡ್ತಾನಾ?"

"ಅವ್ನು ಬಗ್ಗಲ್ಲ ಕಣೇ. ನಾನೇ ಬಗ್ಗಿ ತೋರಿಸ್ತೀನಿ."

ಈ ಸಮಾಧಾನದಿಂದ ಕಲಾವತಿಗೆ ಸಮಾಧಾನವಾಗಲಿಲ್ಲ. ಆದರೆ ಮಾಕಳಿ ಎಂಬ ಹೆಸರು ಅವಳಿಗೂ ಗೊತ್ತಿತ್ತು. ಶನಿವಾರವೆಲ್ಲ ಕೂತು ಮಂಚದ ಕೆಳಗಿನ ಕೆಟ್ಟ ಮಿಕ್ಸಿ, ರಾಗಿ ಡಬ್ಬ, ಅತ್ತೆಯ ಮಂಡಿನೋವಿನ ಎಣ್ಣೆ ಶೀಶೆಗಳನ್ನೆಲ್ಲ ಸಾಗಿಸಿ, ನೆಲ ಒರೆಸಿ, ಅಲ್ಲೊಂದು ಪುಟ್ಟ ರಂಗೋಲಿಯನ್ನೂ ಹಾಕಿದಳು. ನೋಡುವುದೇ ಆದರೆ ಚೆನ್ನಾಗಿರುವುದನ್ನೇ ನೋಡಲಿ ಎಂಬುದು ಅವಳ ವಾದ. ಭಾನುವಾರ ಬೆಳಗ್ಗೆ ಅತ್ತೆ ದೊಡ್ಡಮುನಿಯಮ್ಮನನ್ನು ಕರೆದುಕೊಂಡು ಯಲಹಂಕದ ಪುಟ್ಟೇನಹಳ್ಳಿಯ ತವರು ಮನೆಗೆ ಹೊರಟಳು. ಹೋಗುವಾಗ ಗಂಡ ಮದುವೆ ಶರ್ಟು ಹಾಕಿಕೊಂಡಿದ್ದನ್ನೂ, ಮೈಮೇಲೆ ಸೆಂಟು ಹೊಡೆದುಕೊಂಡಿದ್ದನ್ನೂ ಗಮನಿಸಿಕೊಂಡಳು. ಕ್ಯಾಮೆರಾಕ್ಕೆ ವಾಸನೆ ಬರುವುದಿಲ್ಲ ಎಂಬುದು ಆ ಗಡಿಬಿಡಿಯಲ್ಲಿ ಸುಬ್ರಮಣಿಗೆ ಹೊಳೆಯಲಿಲ್ಲ.

ಪರೀಕ್ಷೆ ಶುರುವಾಯಿತು. ಕಾವಲಿನವನ ಮುಖ ಕಾಣಲಿಲ್ಲ, ದನಿ ಕೇಳಲಿಲ್ಲ. ಪರದೆಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದೊಂದೇ ಸಾಲು ಅಪ್ಪಣೆ ಮೂಡುತ್ತಿತ್ತು. ಅವನು ಇವನನ್ನು ನೋಡಬಹುದು, ಇವನು ಅವನನ್ನು ನೋಡುವಂತಿಲ್ಲ. ದೇವರ ವಿಷಯದಲ್ಲಿ ಮಾತ್ರ ಇಂಥ ಏರ್ಪಾಡಿಗೆ ಒಗ್ಗಿಕೊಂಡಿದ್ದ ಸುಬ್ರಮಣಿ ಮೊದಲು ಒಂದು ನಮಸ್ಕಾರ ಮಾಡಿದ. ಗೋಡೆ ತೋರಿಸಿದ, ಕಿವಿ ತೋರಿಸಿದ. ಬೀರು ತೆಗೆ ಎಂದಾಗ ತೆಗೆದ. ಕಲಾವತಿ ಮಂಚದ ಕೆಳಗಿನದನ್ನೆಲ್ಲ ತುರುಕಿದ್ದು ಬೀರುವಿಗೇ ಆದ್ದರಿಂದ ಮಿಕ್ಸಿಯ ಜಾರು, ಎಣ್ಣೆ ಶೀಶೆ ಮತ್ತು ನಾಲ್ಕು ಲಂಗಗಳು ಕ್ಯಾಮೆರಾದ ಎದುರಿಗೇ ಬಿದ್ದವು. ಮಂಚದ ಕೆಳಗಿನ ರಂಗೋಲಿ ತೋರಿಸಲು ಬಗ್ಗಿದಾಗ ಶರ್ಟು ಮೇಲಕ್ಕೆ ಸರಿಯಿತು. ತಕ್ಷಣ ಒಂದು ಸಾಲು ಮೂಡಿತು.

"ಸೊಂಟದಲ್ಲಿ ವೈರ್ ಕಾಣುತ್ತಿದೆ. ತೆಗೆದು ಪಕ್ಕಕ್ಕಿಡಿ."

ವೈರಲ್ಲ, ಉಡಿದಾರ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೆಂದು ಸುಬ್ರಮಣಿಗೆ ತಿಳಿಯಲಿಲ್ಲ. ನಿಜಸಂಗತಿಯನ್ನೇ ಬರೆದ. "ಸರ್, ಇದನ್ನು ಸತ್ತ ಮೇಲೆ ಮಾತ್ರ ತೆಗೆಯುತ್ತಾರೆ."

ಆ ಕಡೆಯಿಂದ "ಮುಂದುವರಿಸಿ" ಎಂದು ಬಂತು.

ಪ್ರಶ್ನೆಗಳೆಲ್ಲ ಲೆಕ್ಕದವು. ಇಷ್ಟು ಮೂಟೆಗೆ ಬಾಡಿಗೆ ಇಷ್ಟಾದರೆ ಅಷ್ಟು ಮೂಟೆಗೆ ಎಷ್ಟು ಎಂಬಂಥವು. ಕ್ಯಾಲ್ಕ್ಯುಲೇಟರ್ ಮುಟ್ಟುವಂತಿಲ್ಲ. ಸುಬ್ರಮಣಿ ಬಿಲ್ ಬರೆಯುವುದೇ ಇಂಥ ಲೆಕ್ಕಗಳನ್ನು, ಬರೆಯುವ ಪದ್ಧತಿಯೂ ಒಂದೇ. ಎಡಗೈ ಮೇಜಿನ ಕೆಳಗೆ ಹೋಗುತ್ತದೆ, ಹೆಬ್ಬೆರಳು ಗೆಣ್ಣು ಎಣಿಸುತ್ತದೆ, ತುಟಿ ಮಗ್ಗಿ ಹೇಳುತ್ತದೆ. ಹದಿಮೂರ್ಮೂರ್ಲ ಮೂವತ್ತೊಂಬತ್ತು, ಹದಿಮೂರ್ನಾಲ್ಕ್ಲ ಐವತ್ತೆರಡು. ಸರ್ಕಾರಿ ಶಾಲೆಯಲ್ಲಿ ಕೈಕಟ್ಟಿ ನಿಂತು ಸಂಜೆ ಸಂಜೆ ಕೂಗಿದ್ದು ಗಂಟಲಿನಲ್ಲಿ ಉಳಿದಿತ್ತೇ ಹೊರತು ತಲೆಯಲ್ಲಲ್ಲ. ಬಾಯಿ ಬಿಡದಿದ್ದರೆ ಅದು ಈಚೆಗೆ ಬರುತ್ತಿರಲಿಲ್ಲ.

"ಯಾರೊಂದಿಗೆ ಮಾತಾಡುತ್ತಿದ್ದೀರಿ?"

ಸುಬ್ರಮಣಿ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಮಗ್ಗಿಗೆ ಇಂಗ್ಲಿಷಿನಲ್ಲಿ ಬೇರೆ ಹೆಸರಿದೆ ಎಂದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಮಗ್ಗಿಯನ್ನು ಮಗ್ಗಿ ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ. "ಯಾರೂ ಇಲ್ಲ ಸರ್, ಮಗ್ಗಿ ಮಾತ್ರ." ಇಂಗ್ಲಿಷ್ ಅಕ್ಷರಕ್ಕೆ ಮಗ್ಗಿಯೂ ಒಂದೇ, ಮ್ಯಾಗಿಯೂ ಒಂದೇ. ಆ ಕಡೆಯವನು ಮ್ಯಾಗಿ ಎಂದು ಓದಿಕೊಂಡ.

"ಮ್ಯಾಗಿ ಯಾರು? ಕೂಡಲೇ ಹೊರಗೆ ಕಳುಹಿಸಿ."

"ಕಳಿಸಲು ಆಗುವುದಿಲ್ಲ ಸರ್. ಮೂರನೇ ಕ್ಲಾಸಿನಿಂದ ನನ್ನ ಜೊತೆಗಿದೆ."

"ಪರೀಕ್ಷೆ ಮುಗಿಯುವವರೆಗಾದರೂ ದೂರವಿಡಿ."

"ಮಗ್ಗಿ ಇಲ್ಲದೆ ನನಗೆ ಏನೂ ಆಗುವುದಿಲ್ಲ ಸರ್. ಮಗ್ಗಿಗೋಸ್ಕರ ನಮ್ಮಪ್ಪನ ಕೈಲಿ ಬೆತ್ತದ ಏಟು ತಿಂದಿದ್ದೇನೆ."

ಇಷ್ಟು ಬಿಡಿಸಿ ಹೇಳಿದ ಮೇಲೆ ಯಾರಿಗಾದರೂ ಅರ್ಥವಾಗಲೇಬೇಕು ಎಂದುಕೊಂಡು ಸುಬ್ರಮಣಿ ನಿಶ್ಚಿಂತೆಯಿಂದ ಮುಂದಿನ ಲೆಕ್ಕಕ್ಕೆ ಹೋದ. ಪರದೆ ಕಪ್ಪಾಯಿತು. ಅವನು ಕರೆಂಟು ಹೋಯಿತೆಂದು ತಿಳಿದ.

ಸೋಮವಾರ ಆಫೀಸಿನಲ್ಲಿ ಮ್ಯಾನೇಜರ್ ರಘುನಾಥ್ ಅವನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಮುಂದೆ ಒಂದು ವರದಿ ಇತ್ತು. ಅದರ ಸಾರಾಂಶವನ್ನು ಅವರು ಗಂಟಲು ಸರಿಮಾಡಿಕೊಂಡು ಹೇಳಿದರು. ಅಭ್ಯರ್ಥಿಯು ಮ್ಯಾಗಿ ಎಂಬ ಮಹಿಳೆಯನ್ನು ಕೋಣೆಯಲ್ಲಿ ಅಡಗಿಸಿಟ್ಟುಕೊಂಡು ಆಕೆಯೊಂದಿಗೆ ಪಿಸುಮಾತಾಡುತ್ತಿದ್ದರು. ಮೇಜಿನ ಕೆಳಗೆ ಆಕೆಗೆ ಕೈಸನ್ನೆ ಮಾಡುತ್ತಿದ್ದರು. ಬಾಲ್ಯದಿಂದಲೂ ಸಂಬಂಧವಿದೆ ಎಂದೂ, ತಂದೆಯ ವಿರೋಧವಿತ್ತು ಎಂದೂ, ಆಕೆಯಿಲ್ಲದೆ ತನ್ನಿಂದ ಏನೂ ಆಗದು ಎಂದೂ ಸ್ವತಃ ಒಪ್ಪಿಕೊಂಡಿದ್ದಾರೆ.

"ಸರ್! ಅದು ಮಗ್ಗಿ ಸರ್! ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು!"

"ಟೇಬಲ್ಸಾ?" ರಘುನಾಥ್ ಹುಬ್ಬೇರಿಸಿದರು. "ಸುಬ್ರಮಣಿ, ನೀವೇ ಬರ್ದಿದೀರಿ, ತಂದೆ ಹೊಡೆದ್ರು ಅಂತ. ಟೇಬಲ್ಸ್‌ಗೆ ಯಾರಾದ್ರೂ ಹೊಡೀತಾರೇನ್ರೀ?"

ಈ ಪ್ರಶ್ನೆಯಿಂದ ರಘುನಾಥ್ ಯಾವ ಮೀಡಿಯಮ್ಮಿನಲ್ಲಿ ಓದಿದವರು ಎಂಬುದು ಸುಬ್ರಮಣಿಗೆ ಸ್ಪಷ್ಟವಾಯಿತು. ಅವನು ಎರಡರ ಮಗ್ಗಿಯನ್ನು ಪೂರ್ತಿ ಹೇಳಿ ತೋರಿಸಿದ. ರಘುನಾಥ್ ಕೆಟ್ಟವರಲ್ಲ. "ಮೇಲ್ಮನವಿ ಹಾಕಿ, ವಿಡಿಯೋ ತರಿಸಿ ನೋಡೋಣ," ಎಂದರು. ಅಲ್ಲಿಯವರೆಗೆ ಕುರ್ಚಿ ಖಾಲಿಯೇ ಇರುತ್ತದೆ, ಮಾಕಳಿಯ ಆರ್ಡರು ಟೈಪಾಗಿ ಅವರ ಡ್ರಾಯರಿನಲ್ಲಿ ಇರುತ್ತದೆ.

ಹೊರಗೆ ಬಂದಾಗ ಲೋಡಿಂಗ್ ಹುಡುಗರೆಲ್ಲ ಅವನನ್ನು ಹೊಸ ಗೌರವದಿಂದ ನೋಡುತ್ತಿದ್ದರು. ಒಬ್ಬ ಮೆಲ್ಲಗೆ, "ಏನ್ ಗುರು, ನಿಮ್ಮನ್ನ ಏನೋ ಅನ್ಕೊಂಡಿದ್ವಿ," ಎಂದ.

ಸುದ್ದಿ ಮನೆಗೆ ಸುಬ್ರಮಣಿಗಿಂತ ಮೊದಲು ತಲುಪಿತ್ತು. ಪರೀಕ್ಷೆಗೆ ಹೆಸರು ಕೊಡುವಾಗ ಇನ್ನೊಂದು ಫೋನ್ ನಂಬರ್ ಕೇಳಿದ್ದರು, ಇವನು ಹೆಂಡತಿಯದನ್ನು ಕೊಟ್ಟಿದ್ದ. ಆ ನಂಬರಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜು ಬಂತು. ಕಲಾವತಿ ಅದನ್ನು ಓದಿಸಲು ಪಂಚಪ್ಪನವರ ಹತ್ತಿರ ಹೋದಳು. ಪಂಚಪ್ಪನವರು ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ನಿಮ್ಮನೆಯವ್ರ ರೂಮಿನಲ್ಲಿ ಮ್ಯಾಗಿ ಅಂತ ಯಾರೋ ಇದ್ರಂತೆ ಕಣಮ್ಮ. ಅನಧಿಕೃತ ವ್ಯಕ್ತಿ ಅಂತ ಬರ್ದಿದೆ," ಎಂದರು. ಆಮೇಲೆ ವಾಲ್ವು ತೆರೆಯಿತು.

ಸಂಜೆ ಸುಬ್ರಮಣಿ ಬಸ್ಸಿಳಿದು ಬಂದಾಗ ಮನೆಯ ಮುಂದೆ ಮಾವ ಮುನಿವೆಂಕಟಯ್ಯನವರ ಮೊಪೆಡ್ ನಿಂತಿತ್ತು. ಮುನಿವೆಂಕಟಯ್ಯನವರು ಹಿಂದೆ ಪಂಚಾಯ್ತಿ ಮೆಂಬರಾಗಿದ್ದವರು. ಪುಟ್ಟೇನಹಳ್ಳಿ ಸಿಟಿಗೆ ಸೇರಿ ಪಂಚಾಯ್ತಿ ಹೋದರೂ ಅವರಿಗೆ ನ್ಯಾಯ ಹೇಳುವ ಚಟ ಹೋಗಿರಲಿಲ್ಲ. ನಡುಮನೆಯ ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಪಂಚಪ್ಪನವರು ಸಾಕ್ಷಿಯಂತೆ ನಿಂತಿದ್ದರು. ಬಾಗಿಲಲ್ಲಿ ಬೀದಿಯವರಿದ್ದರು.

"ಅಳಿಯಂದ್ರೇ," ಎಂದರು ಮುನಿವೆಂಕಟಯ್ಯನವರು, "ಪರೀಕ್ಸೆ ಅಂತ ಯೋಳಿ ನನ್ ಮಗ್ಳುನ್ನ ಮನೆಯಿಂದ ಈಚೆಗ್ ಕಳ್ಸುದ್ರಿ. ಸೆಂಟ್ ಒಡ್ಕೊಂಡ್ರಿ. ಮದ್ವೆ ಸರ್ಟ್ ಆಕ್ಕೊಂಡ್ರಿ. ಈಗ ನೀವೇ ಯೋಳಿ, ಯಾರದು ಮ್ಯಾಗಿ?"

"ಮಾವ, ಅದು ಮಗ್ಗಿ. ಮೂರ್ನೇ ಕ್ಲಾಸಲ್ಲಿ ಕಲ್ತಿದ್ದ ಲೆಕ್ಕದ ಮಗ್ಗಿ. ಅವ್ರು ತಪ್ಪಾಗಿ ತಿಳ್ಕೊಂಡ್ರು."

ಗುಂಪಿನಲ್ಲಿ ಯಾರೋ ನಕ್ಕರು. ನಿಜವೇ ಇಷ್ಟು ಪೆದ್ದಾಗಿದ್ದರೆ ಮನುಷ್ಯ ಏನು ಮಾಡಬೇಕು? ಇದಕ್ಕಿಂತ ಒಳ್ಳೆಯ ಸುಳ್ಳು ಹೇಳುವುದು ಸುಬ್ರಮಣಿಗೂ ಕಷ್ಟವಿರಲಿಲ್ಲ.

ಮಗನನ್ನು ಕಾಪಾಡಲು ದೊಡ್ಡಮುನಿಯಮ್ಮ ಬಾಯಿ ಹಾಕಿದಳು. "ಸುಮ್ಕೆ ಅಪವಾದ ಒರುಸ್ಬ್ಯಾಡಿ ಕಣಣ್ಣಾ. ಮೂರ್ನೇ ಕಿಲಾಸ್ನಾಗೆ ಇವುನ್ ಜೊತ್ಗೆ ಮ್ಯಾಗಿ ಅನ್ನೋಳು ಯಾರೂ ಇರ್ನಿಲ್ಲ. ಮಂಗಿ ಅಂತ ಒಬ್ಳಿದ್ಲು. ಮಂಗಳಗೌರಿ. ಅವ್ಳೂ ಈಗ ಎಬ್ಬಾಳ್ದಾಗೆ ಗಂಡ ಮಕ್ಳ ಜೊತ್ಗೆ ಚೆಂದಾಗವ್ಳೆ."

"ಹೆಬ್ಬಾಳ!" ಎಂದಳು ಕಲಾವತಿ. "ಹೆಬ್ಬಾಳ ಇಲ್ಲಿಂದ ಎಷ್ಟ್ ದೂರ! ಒಂದ್ ಆಟೋ ಹತ್ತಿದ್ರೆ ಆಯ್ತು!"

"ಅವ್ವಾ, ನೀನು ಒಳಗ್ ಹೋಗು," ಎಂದ ಸುಬ್ರಮಣಿ. ಮಂಗಳಗೌರಿ ಎಂಬೊಬ್ಬಳಿದ್ದಳು ಎಂಬುದೇ ಅವನಿಗೆ ಮರೆತುಹೋಗಿತ್ತು. ಈಗ ಬೀದಿಗೆಲ್ಲ ನೆನಪಿರುತ್ತದೆ.

ಮುನಿವೆಂಕಟಯ್ಯನವರು ಕೈಯೆತ್ತಿ ಗಲಾಟೆ ನಿಲ್ಲಿಸಿದರು. "ಆಯ್ತು. ಮಗ್ಗಿ ಅಂತೀರಲ್ಲ, ಇಲ್ಲೇ ಪರೀಕ್ಸೆ ಆಗೋಗ್ಲಿ. ಯೋಳಿ, ಅದ್ನೇಳರ ಮಗ್ಗಿ."

ಸುಬ್ರಮಣಿ ನಡುಮನೆಯಲ್ಲಿ ಕೈಕಟ್ಟಿ ನಿಂತ. ಹೆಡ್ ಕ್ಲಾರ್ಕ್ ಆಗಬೇಕಾದವನು, ನಲವತ್ತು ದಾಟಿದವನು, ಹೆಂಡತಿಯ ಎದುರು, ಮಾವನ ಎದುರು ಮಗ್ಗಿ ಹೇಳಿದ. ಏಳರವರೆಗೆ ಸಲೀಸಾಗಿ ಹೋಯಿತು. "ಹದಿನೇಳೆಂಟ್ಲ..." ಎಂದವನು ಕಲಾವತಿಯ ಮುಖ ನೋಡಿದ, ಮುಂದಿನದು ಹಾರಿಹೋಯಿತು. "ಹದಿನೇಳೆಂಟ್ಲ ನೂರ..."

"ನೂರ ಇಪ್ಪತ್ತಾರು!" ಎಂದರು ತಡೆಯಲಾರದೆ ಪಂಚಪ್ಪನವರು.

"ಯಾವೋನ್ರೀ ಯೋಳ್ಕೊಟ್ಟೋನು ನಿಮ್ಗೆ? ನೂರ ಮೂವತ್ತಾರು!" ಎಂದರು ಮುನಿವೆಂಕಟಯ್ಯನವರು.

"ನಾನು ಜಾಲಹಳ್ಳಿ ಸ್ಕೂಲಲ್ಲಿ ಕಲ್ತಿರೋದು ಸ್ವಾಮಿ. ಇಪ್ಪತ್ತಾರು!"

"ಅದ್ಕೇ ನೀವು ನೀರ್ ಬಿಟ್ಟಾಗ್ಲೆಲ್ಲ ಅರ್ಧ ಬೀದಿಗೆ ಬತ್ತಿರ್ಲಿಲ್ಲ!"

ಬಾಗಿಲಲ್ಲಿದ್ದವರೂ ಒಂದೊಂದು ಪಕ್ಷ ಸೇರಿದರು. ಒಬ್ಬರು ಒಂದರಿಂದ ಶುರುಮಾಡಿದರು, ಉಳಿದವರು ದನಿ ಸೇರಿಸಿದರು, ಸ್ವಲ್ಪ ಹೊತ್ತಿನಲ್ಲಿ ನಡುಮನೆ ಪೂರ್ತಿ ಹದಿನೇಳರ ಮಗ್ಗಿಯನ್ನು ರಾಗವಾಗಿ ಕೂಗುತ್ತಿತ್ತು. ಒಬ್ಬರ ತುಟಿಯೂ ಮುಚ್ಚಿರಲಿಲ್ಲ. ಮಗ್ಗಿಯನ್ನು ಬಾಯಿ ಮುಚ್ಚಿಕೊಂಡು ಹೇಳಲು ಬರುವುದಿಲ್ಲ ಎಂಬುದು ಇದರಿಂದ ಎಲ್ಲರಿಗೂ ಮನವರಿಕೆಯಾಗಿ ಸುಬ್ರಮಣಿ ಖುಲಾಸೆಯಾದ. ನೂರ ಮೂವತ್ತಾರು ಗೆದ್ದಿತು. ಪಂಚಪ್ಪನವರು ಸಿಟ್ಟು ಮಾಡಿಕೊಂಡು ಮನೆಗೆ ಹೋದರು.

ಎಲ್ಲರೂ ಹೋದ ಮೇಲೆ ಕಲಾವತಿ, "ಮಗ್ಗಿ ಅಂತ ಒಪ್ಕೊಂಡೆ. ಸೆಂಟ್ ಯಾಕೆ ಹೊಡ್ಕೊಂಡ್ರಿ ಅಂತ ಇನ್ನೂ ಹೇಳಿಲ್ಲ," ಎಂದಳು. ಅವನು ಮಾವ ಕೂತಿದ್ದ ಕುರ್ಚಿಯನ್ನು ಗೋಡೆಗೆ ಸರಿಸಿದ. "ಬೀರೂನೂ ತೆಗ್ದು ತೋರ್ಸಿದೀರಿ," ಎಂದು ಸೇರಿಸಿದಳು. ಅವನು ಕುರ್ಚಿಯನ್ನು ಇನ್ನಷ್ಟು ಸರಿಸಿದ.

ಮೇಲ್ಮನವಿಗೆ ಉತ್ತರ ಬಂತು. ವಿಡಿಯೋ ಕೊಡಲಾಗುವುದಿಲ್ಲವಂತೆ. ಅಭ್ಯರ್ಥಿಗಳ ಖಾಸಗಿತನವನ್ನು ಕಾಪಾಡುವುದು ಆ ಪರೀಕ್ಷಾ ಕಂಪನಿಯ ಧ್ಯೇಯವಂತೆ.

"ಅಭ್ಯರ್ಥಿ ನಾನೇ ಅಲ್ವಾ ಸರ್?" ಎಂದ ಸುಬ್ರಮಣಿ.

"ಹೌದು. ನಿಮ್ಮ ಖಾಸಗಿತನಾನೇ ಕಾಪಾಡ್ತಿರೋದು."

"ಯಾರಿಂದ ಸರ್?"

ರಘುನಾಥ್ ಬಂದ ಉತ್ತರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದನ್ನು ಎಲ್ಲೂ ಬರೆದಿರಲಿಲ್ಲ. ಆದರೆ ಪರೀಕ್ಷಾ ಕಂಪನಿಯವರು ಒಂದು ಕೃಪೆ ಮಾಡಿದ್ದರು. ಸುಬ್ರಮಣಿ ಇನ್ನೊಂದು ಸಲ ಪರೀಕ್ಷೆ ಬರೆಯಬಹುದು. ತುಟಿ ಅಲುಗಿದರೆ ಮಾತ್ರ ಅಲ್ಲಿಗೇ ಮುಗಿಯಿತು. ಬರಹದಲ್ಲಿ ಗೊಂದಲವಾಗುವುದರಿಂದ ಈ ಸಲ ಅಪ್ಪಣೆಗಳನ್ನು ಮಾತಿನಲ್ಲೇ ಕೊಡುತ್ತಾರೆ. ಕನ್ನಡ ಬಲ್ಲವರನ್ನು ಕೂರಿಸಿ ಎಂದು ರಘುನಾಥ್ ಕೇಳಿದ್ದರು. ಅದಕ್ಕೆ ಉತ್ತರವಿರಲಿಲ್ಲ.

ಮನೆಯಲ್ಲಿ ತಾಲೀಮು ಶುರುವಾಯಿತು. ಕಲಾವತಿ ಲೆಕ್ಕ ಕೇಳುವುದು, ಸುಬ್ರಮಣಿ ತುಟಿ ಬಿಗಿಹಿಡಿದು ಉತ್ತರ ಬರೆಯುವುದು. ಮೊದಲ ದಿನ ಬಾಯಿಗೆ ಏಲಕ್ಕಿ ಹಾಕಿಕೊಂಡ, ಅದನ್ನು ಅಗಿಯುತ್ತಲೇ ಮಗ್ಗಿ ಹೇಳಿದ. ಕರವಸ್ತ್ರ ಕಟ್ಟಿಕೊಂಡ, ಅದರೊಳಗಿಂದ ಹೇಳಿದ. ದೊಡ್ಡಮುನಿಯಮ್ಮ ಅವನ ಎರಡು ತುಟಿಗಳನ್ನೂ ಬೆರಳಲ್ಲಿ ಹಿಡಿದು ಕೂತಳು, ಆಗ ಗಂಟಲು ಅಲ್ಲಾಡಿತು. ಬಾಯಿ ಪೂರ್ತಿ ನಿಂತ ದಿನ ಲೆಕ್ಕವೂ ಪೂರ್ತಿ ನಿಂತಿತು. ಹನ್ನೆರಡು ಹನ್ನೆರಡ್ಲ ಎಷ್ಟು ಎಂದರೆ ಸುಬ್ರಮಣಿ ಗೋಡೆ ನೋಡುತ್ತಿದ್ದ.

"ಆಗಲ್ಲ ಕಣೇ," ಎಂದ ಕೊನೆಗೆ. "ಇಷ್ಟು ವರ್ಷ ಬಿಲ್ ಬರ್ದಿದೀನಿ, ಒಂದು ತಪ್ಪಿಲ್ಲ. ನಾನು ಕಳ್ಳ ಅಲ್ಲ. ಆದ್ರೆ ನಾನು ಕಲ್ತಿದ್ದೇ ಹಿಂಗೆ. ಬಾಯಿ ಮುಚ್ಕೊಂಡು ಕಲಿಸೋ ಸ್ಕೂಲಿಗೆ ನಮ್ಮಪ್ಪ ಸೇರಿಸಲಿಲ್ಲ."

ಅವನಿಗೆ ನಿಜವಾಗಿ ಬೇಜಾರಾಗಿತ್ತು. ಕಲಾವತಿಗೂ ಆಯಿತು. ಸೆಂಟಿನ ವಿಷಯವನ್ನು ಅವಳು ಅಂದಿಗೆ ಬಿಟ್ಟಳು.

ಎರಡನೆಯ ಭಾನುವಾರ ಅವಳು ಪುಟ್ಟೇನಹಳ್ಳಿಗೆ ಹೋಗಲಿಲ್ಲ. ಮನೆಯೊಳಗೆ ಇರಬಾರದು ಎಂದಷ್ಟೇ ನಿಯಮ, ಜಗುಲಿಯ ಬಗ್ಗೆ ಏನೂ ಹೇಳಿಲ್ಲ ಎಂದು ಬಾಗಿಲು ಎಳೆದುಕೊಂಡು ಹೊರಗೆ ಕೂತಳು. ದೊಡ್ಡಮುನಿಯಮ್ಮ, ಮೊಪೆಡ್‌ನಲ್ಲಿ ಬಂದ ಮುನಿವೆಂಕಟಯ್ಯನವರು, ಮಾತು ಬಿಟ್ಟಿದ್ದರೂ ಕುತೂಹಲ ಬಿಡಲಾಗದ ಪಂಚಪ್ಪನವರು ಎಲ್ಲರೂ ಜಗುಲಿಯಲ್ಲಿ ಸಾಲಾಗಿ ಕೂತರು. ರೂಮಿನ ಕಿಟಕಿ ಜಗುಲಿಗೇ ತೆರೆಯುತ್ತಿತ್ತು. ಅದನ್ನೂ ಮುಚ್ಚಿದ್ದರು.

ಒಳಗೆ ಸುಬ್ರಮಣಿಯ ಲ್ಯಾಪ್‌ಟಾಪಿನಿಂದ ಈ ಸಲ ಒಂದು ಹೆಣ್ಣುದನಿ ಬಂತು. ಲೈಬ್ರರಿಯಲ್ಲಿ ಮಾತಾಡುವಷ್ಟು ಮೆತ್ತಗೆ, ಇಂಗ್ಲಿಷಿನಲ್ಲಿ. ಗೋಡೆ ತೋರಿಸಿ, ಮಂಚದ ಕೆಳಗೆ ತೋರಿಸಿ, ಬೀರು ತೆಗೆಯಿರಿ. ಎಲ್ಲ ಮೊದಲಿನಂತೆಯೇ. ಉಡಿದಾರದ ಬಗ್ಗೆ ಮಾತ್ರ ಕೇಳಲಿಲ್ಲ.

ಸುಬ್ರಮಣಿ ಹಲ್ಲು ಕಚ್ಚಿಕೊಂಡು ಸುಲಭದವನ್ನೆಲ್ಲ ಬರೆದ. ಬೆವರು ಇಳಿಯಿತು. ಕೊನೆಗೆ ಒಂದು ಪ್ರಶ್ನೆ ಬಂತು. ಒಂದು ಲಾರಿಗೆ ಹತ್ತೊಂಬತ್ತು ಪೀಪಾಯಿಯಂತೆ ಏಳು ಲಾರಿಗೆ ಎಷ್ಟು? ಗಡಿಯಾರ ಓಡುತ್ತಿತ್ತು. ಇದೊಂದು ಸರಿಯಾದರೆ ಫ್ಯಾನಿನ ಕೆಳಗಿನ ಕುರ್ಚಿ, ತಪ್ಪಿದರೆ ಮಾಕಳಿ. ಹತ್ತೊಂಬತ್ತರ ಮಗ್ಗಿ ಗಂಟಲಿಗೆ ಬಂದು ನಿಂತಿತು. ಅವನು ತಡೆದ. ಅದು ನೂಕಿತು. ತಾನಾಗಿಯೇ ಬಾಯಿ ತೆರೆಯಿತು.

"ಹತ್ತೊಂಬತ್ತೊಂದ್ಲ ಹತ್ತೊಂಬತ್ತು, ಹತ್ತೊಂಬತ್ತೆರಡ್ಲ ಮೂವತ್ತೆಂಟು..."

"ದಯವಿಟ್ಟು ಮಾತಾಡಬೇಡಿ," ಎಂದಿತು ಆ ದನಿ ಇಂಗ್ಲಿಷಿನಲ್ಲಿ.

"ಹತ್ತೊಂಬತ್ಮೂರ್ಲ ಐವತ್ತೇಳು, ಹತ್ತೊಂಬತ್ನಾಲ್ಕ್ಲ ಎಪ್ಪತ್ತಾರು..." ಹೊರಟ ಮಗ್ಗಿಯನ್ನು ನಡುವೆ ನಿಲ್ಲಿಸುವುದು ಯಾರಿಗೂ ಸಾಧ್ಯವಿಲ್ಲ. ಸುಬ್ರಮಣಿ ಕಣ್ಣುಮುಚ್ಚಿ ಕೈಕಟ್ಟಿಕೊಂಡಿದ್ದ. "ಹತ್ತೊಂಬತ್ತೈದ್ಲ ತೊಂಬತ್ತೈದು, ಹತ್ತೊಂಬತ್ತಾರ್ಲ ನೂರ ಹದಿನಾಲ್ಕು, ಹತ್ತೊಂಬತ್ತೇಳ್ಲ ನೂರ ಇಪ್ಪತ್ಮೂರು..."

"ನೂರ ಮೂವತ್ಮೂರು ಕಣ್ರೀ!" ಎಂದು ಲ್ಯಾಪ್‌ಟಾಪು ಅಚ್ಚ ಕನ್ನಡದಲ್ಲಿ ಕಿರುಚಿತು.

ತಪ್ಪು ಮಗ್ಗಿ ಕೇಳಿಸಿಕೊಂಡು ಸುಮ್ಮನಿರಲು ಆ ಹುಡುಗಿಯಿಂದಲೂ ಆಗಿರಲಿಲ್ಲ. ಅವಳನ್ನೂ ಯಾವುದೋ ಸರ್ಕಾರಿ ಶಾಲೆಯಲ್ಲಿ ಕೈಕಟ್ಟಿ ನಿಲ್ಲಿಸಿದ್ದರು ಎಂದು ಕಾಣುತ್ತದೆ.

ಜಗುಲಿಯಲ್ಲಿ ಕಲಾವತಿ ಎದ್ದು ನಿಂತಳು. ಖಾಲಿ ರೂಮಿನೊಳಗೆ ಒಂದು ಹೆಣ್ಣುದನಿ! ಗಂಡನನ್ನು ಗದರಿಸುವ ದನಿ! ಆ ಅಧಿಕಾರ ಈ ಲೋಕದಲ್ಲಿ ಇರುವುದು ಒಬ್ಬಳಿಗೇ, ಅವಳು ಹೊರಗಿದ್ದಾಳೆ.

"ಅಪ್ಪಾ! ಮ್ಯಾಗಿ!" ಎಂದು ಕೂಗಿ ಬಾಗಿಲು ತಳ್ಳಿಕೊಂಡು ನುಗ್ಗಿದಳು. ಹಿಂದೆಯೇ ಹದಿನಾರು ವರ್ಷ ದಾಟದಿದ್ದ ಹೊಸ್ತಿಲನ್ನು ದಾಟಿ ಮುನಿವೆಂಕಟಯ್ಯನವರು ಬಂದರು, ಪಂಚಪ್ಪನವರು ಬಂದರು. ಕಲಾವತಿ ಮಂಚದ ಕೆಳಗೆ ನೋಡಿದಳು. ಬೀರು ತೆಗೆದಳು, ಮಿಕ್ಸಿಯ ಜಾರು ಮತ್ತೊಮ್ಮೆ ಬಿತ್ತು. ಸುಬ್ರಮಣಿ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದ.

ದೊಡ್ಡಮುನಿಯಮ್ಮ ಎಲ್ಲರನ್ನೂ ಸರಿಸಿ ಪರದೆಗೆ ಮುಖ ಹತ್ತಿರ ತಂದಳು. "ಯಾರವ್ವಾ ನೀನು? ಊಟ ಆಯ್ತಾ?"

"ಅಜ್ಜೀ," ಎಂದಿತು ದನಿ. ಈಗ ಅದರಲ್ಲಿ ಅಳು ಇತ್ತು. "ದಯವಿಟ್ಟು ಎಲ್ರೂ ಆಚೆ ಹೋಗಿ ಅಜ್ಜೀ. ನಾನು ಉತ್ತರ ಹೇಳ್ಬಿಟ್ಟೆ. ಗೊತ್ತಾದ್ರೆ ನನ್ ಕೆಲ್ಸ ಹೋಗತ್ತೆ."

ಕಲಾವತಿ ಬೀರುವಿನ ಬಾಗಿಲು ಹಿಡಿದುಕೊಂಡೇ ನಿಂತಳು. ಕೆಲಸ ಹೋಗುವುದು, ಮಾಕಳಿಗೆ ಹೋಗುವುದು ಎಂದರೇನೆಂದು ಆ ಮನೆಗೆ ಈಚೆಗೆ ಚೆನ್ನಾಗಿ ಗೊತ್ತಾಗಿತ್ತು. "ಅಯ್ಯೋ ಪಾಪ," ಎಂದವಳೇ ಮೂವರನ್ನೂ ಕುರಿ ಅಟ್ಟಿದ ಹಾಗೆ ಅಟ್ಟಿಕೊಂಡು ಹೊರಗೆ ಹೋದಳು. ಹೋಗುವಾಗ ತಿರುಗಿ, "ನೂರ ಮೂವತ್ಮೂರೇ ಹಾಕಿ," ಎಂದು ಗಂಡನಿಗೆ ಹೇಳಿದಳು.

ಆ ವಾರವೇ ವರದಿ ಬಂತು. ರಘುನಾಥ್ ಅದನ್ನು ಇಡೀ ಆಫೀಸಿಗೆ ಕೇಳುವಂತೆ ಓದಿದರು. ಅಭ್ಯರ್ಥಿಯು ಉದ್ದಕ್ಕೂ ಮೌನವಾಗಿದ್ದರು. ತುಟಿ ಅಲುಗಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಯಾವುದೇ ಶಬ್ದ ಕೇಳಿಬರಲಿಲ್ಲ. ತೇರ್ಗಡೆ.

"ನೋಡಿದ್ರಾ? ಮನಸ್ಸು ಮಾಡಿದ್ರೆ ಆಗತ್ತೆ," ಎಂದರು ರಘುನಾಥ್. ಕಾವಲಿನವಳೇ ಉತ್ತರ ಹೇಳಿಕೊಟ್ಟಾಗ ಅವನು ಕಳ್ಳನೆನಿಸಿಕೊಳ್ಳಲಿಲ್ಲ, ನಾಲ್ಕು ಜನ ನುಗ್ಗಿ ಬೀರು ಜಾಲಾಡಿದಾಗಲೂ ಎನಿಸಿಕೊಳ್ಳಲಿಲ್ಲ, ಒಬ್ಬನೇ ಕೂತು ಮಗ್ಗಿ ಹೇಳಿದಾಗ ಮಾತ್ರ ಕಳ್ಳನಾದ. ಇದರ ಲೆಕ್ಕವನ್ನು ಯಾವ ಮಗ್ಗಿಯಲ್ಲಿ ಹುಡುಕುವುದೆಂದು ಸುಬ್ರಮಣಿಗೆ ತಿಳಿಯಲಿಲ್ಲ. ಅವನು ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತು, ಮೊದಲ ಬಿಲ್ಲನ್ನು ಮುಂದಕ್ಕೆಳೆದುಕೊಂಡು, ಎಲ್ಲರಿಗೂ ಕೇಳುವಂತೆ ಹದಿನಾಲ್ಕರ ಮಗ್ಗಿ ಹೇಳಿದ.

ಮನೆಗೆ ಸ್ವೀಟು ತಂದ ದಿನ ಕಲಾವತಿ ಕೇಳಿದಳು, "ಆ ಹುಡ್ಗೀಗೂ ಒಂದ್ ಡಬ್ಬ ಕಳಿಸೋಣ ಕಣ್ರೀ. ಎಲ್ಲಿರೋದು ಅವ್ಳು?"

"ಗೊತ್ತಿಲ್ಲ."

"ಫೋನ್ ನಂಬರ್ರು?"

"ಕೊಡಲ್ಲ ಕಣೇ. ಅದೆಲ್ಲ ಗುಟ್ಟು."

"ಹೋಗ್ಲಿ, ಹೆಸ್ರೇನು?"

"ಅದೂ ಗೊತ್ತಿಲ್ಲ."

ಕಲಾವತಿ ಡಬ್ಬದ ಮುಚ್ಚಳ ಹಾಕಿದಳು. "ನಮ್ ಮಂಚ ನೋಡಿದ್ಲು, ಬೀರು ನೋಡಿದ್ಲು, ನನ್ ಲಂಗ ನೋಡಿದ್ಲು, ನಿಮ್ಮತ್ರ ಮಗ್ಗಿ ಹೇಳಿಸಿದ್ಲು. ಅವಳ ಹೆಸ್ರು ಮಾತ್ರ ನಮಗ್ ಗೊತ್ತಾಗೋ ಹಾಗಿಲ್ಲ. ಆಯ್ತು ಬಿಡಿ, ಮ್ಯಾಗಿ ಅಂತಾನೇ ಇಟ್ಕೊಳ್ಳೋಣ."